ಏಕವ್ಯಕ್ತಿ ಭರತನಾಟ್ಯಕ್ಕೆ ಹಿಮ್ಮೇಳ: ಆರು ಜನವೇ, ಮೂರು ಜನವೇ, ರೆಕಾರ್ಡಿಂಗೇ?

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ನನಗೆ ಇಂಥ ಒಂದಾದರೂ ಫೋನ್ ಬರುತ್ತದೆ. ಮಳೆ ಬಿಟ್ಟಿರುತ್ತದೆ. ಬೇಸಿಗೆ ರಜೆಯ ಒಳಗೆ ಮಗಳ ರಂಗಪ್ರವೇಶ, ಅಂದರೆ ಮೊದಲ ಪೂರ್ತಿ ಏಕವ್ಯಕ್ತಿ ಕಾರ್ಯಕ್ರಮ, ಮುಗಿಸಬೇಕು ಅಂತ ಮನೆಯಲ್ಲಿ ಮಾತಾಗಿರುತ್ತದೆ. ಈ ಸಲ ಮಾಡಿದ್ದು ಸಾಗರದ ಕಡೆಯ ಒಬ್ಬ ತಾಯಿ. "ಮೇಡಂ, ಬೆಂಗಳೂರಿಂದ ಪೂರ್ತಿ ಹಿಮ್ಮೇಳ ಕರೆಸೋದಾ, ಇಲ್ಲೇ ಇರೋರನ್ನ ಕೇಳೋದಾ, ಇಲ್ಲಾ ಸಿ.ಡಿ. ಹಾಕಿ ಮಾಡಿಸೋದಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ. ನಮಗಂತೂ ಏನೂ ತೋಚ್ತಿಲ್ಲ."

ಸಿ.ಡಿ. ಪ್ಲೇಯರ್ ಮನೆಗಳಿಂದ ಹೋಗಿ ಎಷ್ಟೋ ಕಾಲವಾಯಿತು. ಆದರೂ ನಮ್ಮ ಕಡೆ ರೆಕಾರ್ಡಿಂಗ್‌ಗೆ ಇನ್ನೂ ಅದೇ ಹೆಸರು. ಅವರ ಜೊತೆ ಒಂದು ಗಂಟೆ ಮಾತಾಡಿದೆ. ಫೋನ್ ಇಟ್ಟ ಮೇಲೆ, ಇದನ್ನು ಬರೆದೇ ಬಿಡೋಣ ಅನಿಸಿತು. ನಾನು ಶಿವಮೊಗ್ಗದಲ್ಲಿ ನೃತ್ಯ ಕಲಿಸುತ್ತೇನೆ. ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ನಾನೇ ನಟುವಾಂಗ ಮಾಡುತ್ತೇನೆ, ಅಂದರೆ ಕೈತಾಳ ಹಾಕುತ್ತಾ ಜತಿ (ತಾಳಕ್ಕೆ ಕಟ್ಟಿದ ಸೊಲ್ಲುಗಳು) ಹೇಳಿ ನೃತ್ಯ ನಡೆಸುತ್ತೇನೆ. ಆರು ಜನರ ಹಿಮ್ಮೇಳದ ನಡುವೆ ಕೂತಿದ್ದೇನೆ, ಪೆನ್ ಡ್ರೈವ್ ಹಿಡಿದು ಸೌಂಡಿನವರ ಪಕ್ಕದಲ್ಲೂ ನಿಂತಿದ್ದೇನೆ. ಎರಡೂ ಕಡೆಯ ಒಳ್ಳೆಯದು, ಕಷ್ಟ ಎರಡೂ ಗೊತ್ತು.

ಆರಿಸುವ ಮೊದಲು ನೋಡಬೇಕಾದ್ದು

ಜನ ಸಾಮಾನ್ಯವಾಗಿ ವಾದ್ಯಗಳ ಎಣಿಕೆಯಿಂದ ಶುರು ಮಾಡುತ್ತಾರೆ. ವೀಣೆ ಬೇಕಾ, ಕೊಳಲು ಸಾಕಾ, ರಿದಂ ಪ್ಯಾಡ್ ಇದ್ರೆ ಚೆನ್ನಾಗಿರುತ್ತಾ? ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲು ನೋಡಬೇಕಾದ್ದು ನಿಮ್ಮ ಹುಡುಗಿ ಏನೇನು ಮಾಡುತ್ತಾಳೆ ಅನ್ನೋದನ್ನು. ಅಲರಿಪು, ಜತಿಸ್ವರ, ತಿಲ್ಲಾನ ಇವೆಲ್ಲ ಲೆಕ್ಕದ ಐಟಂಗಳು. ಎಷ್ಟು ಆವರ್ತ (ತಾಳದ ಸುತ್ತು), ಎಲ್ಲಿ ತೀರ್ಮಾನ (ಮುಕ್ತಾಯ) ಅನ್ನೋದು ಮೊದಲೇ ಗಟ್ಟಿಯಾಗಿರುತ್ತದೆ. ಅಲರಿಪಿನಲ್ಲಂತೂ ಹಾಡಿನ ಸಾಹಿತ್ಯವೇ ಇಲ್ಲ, ಬಾಯಲ್ಲಿ ಹೇಳುವ ಸೊಲ್ಲುಕಟ್ಟು ಮತ್ತು ಮೃದಂಗದ್ದೇ ಆಟ. ಇವು ರೆಕಾರ್ಡಿಂಗ್‌ನಲ್ಲೂ ಚೆನ್ನಾಗಿಯೇ ನಡೆಯುತ್ತವೆ. ಶಬ್ದ, ವರ್ಣ, ಪದ, ಜಾವಳಿ, ದೇವರನಾಮ ಹಾಗಲ್ಲ, ಇವು ಸಾಹಿತ್ಯಕ್ಕೆ ಅಭಿನಯ ಮಾಡುವ ಐಟಂಗಳು. ವರ್ಣ ಒಂದೇ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ, ಅದರಲ್ಲಿ ಅರ್ಧ ಭಾಗ ಸಂಚಾರಿ, ಅಂದರೆ ಒಂದೇ ಸಾಲನ್ನು ಅಭಿನಯದಲ್ಲಿ ಬೆಳೆಸುವುದು.

ಒಂದು ಸಂಚಾರಿಯನ್ನೇ ನೋಡಿ. ನಾಯಿಕೆ ಕೃಷ್ಣನಿಗಾಗಿ ಕಾಯುತ್ತಿದ್ದಾಳೆ. ಹೂ ಕಟ್ಟುತ್ತಾಳೆ. ಎರಡು ಮೊಗ್ಗು, ಒಂದು ಎಲೆ, ದಾರದ ಒಂದು ಸುತ್ತು. ಹೆಜ್ಜೆ ಸದ್ದು ಕೇಳಿದ ಹಾಗಾಗಿ ಬಾಗಿಲ ಕಡೆ ತಿರುಗುತ್ತಾಳೆ. ಯಾರೂ ಇಲ್ಲ. ಕೈ ಮತ್ತೆ ಮಾಲೆಗೆ ಬರುತ್ತದೆ, ಆದರೆ ಬೆರಳು ದಾರ ಹುಡುಕುವುದಿಲ್ಲ. ಹೂವನ್ನು ಸುಮ್ನೆ ಹಿಡಿದು ಕೂರುತ್ತಾಳೆ. ಹಾಗೆ ಕೂರುವುದು ಇವತ್ತು ಎರಡು ಆವರ್ತ ಇರಬಹುದು, ನಾಳೆ ನಾಲ್ಕು ಆಗಬಹುದು. ಹಾಡುವವರು ಅವಳ ಮುಖ ನೋಡುತ್ತಾ ಅದೇ ಸಾಲನ್ನು ಇನ್ನೊಂದು ಸಂಗತಿಯಲ್ಲಿ, ಅಂದರೆ ರಾಗದ ಇನ್ನೊಂದು ತಿರುವಿನಲ್ಲಿ, ಎತ್ತಿಕೊಳ್ಳುತ್ತಾರೆ. ಅವಳು ಕಣ್ಣೆತ್ತಿದ ಮೇಲೇ ಮುಂದಿನ ಸಾಲಿಗೆ ಹೋಗುತ್ತಾರೆ. ರೆಕಾರ್ಡಿಂಗ್‌ನಲ್ಲಿ ಆ ಸಾಲು 6 ಸಲ ಇದ್ದರೆ ಆರೇ ಸಲ. ಅಷ್ಟರೊಳಗೆ ಅವಳು ಎದ್ದಿರಲೇಬೇಕು.

ಹಾಗಾಗಿ ಕಾರ್ಯಕ್ರಮದ ಪಟ್ಟಿ ಬರೆದುಕೊಂಡು, ಪ್ರತಿ ಐಟಂ ಮುಂದೆ ಒಂದೇ ಪ್ರಶ್ನೆ ಹಾಕಿ: ಇಲ್ಲಿ ಹಾಡುವವರು ಇವಳನ್ನು ನೋಡಿ ಕಾಯಬೇಕಾ, ಬೇಡ್ವಾ? ಅಲ್ಲೇ ಅರ್ಧ ಉತ್ತರ ಸಿಗುತ್ತದೆ. ನಿಮ್ಮ ಗುರುಗಳು ಮೈಸೂರು ಶೈಲಿಯವರಾಗಿದ್ದರೆ ಪದ, ಜಾವಳಿ ಜಾಸ್ತಿ ಇರುತ್ತವೆ. ನಮ್ಮ ಪಕ್ಕದ ಕಡೂರಿನ ತಂಗಲಿ ತಾಂಡ್ಯದಲ್ಲಿ 1906ರಲ್ಲಿ ಹುಟ್ಟಿದ ಕೆ. ವೆಂಕಟಲಕ್ಷಮ್ಮನವರು, ಅವರ ಗುರು ಜಟ್ಟಿ ತಾಯಮ್ಮನವರು ಹೆಸರಾಗಿದ್ದೇ ಅಭಿನಯಕ್ಕೆ. ವೆಂಕಟಲಕ್ಷಮ್ಮನವರಿಗೆ 1992ರಲ್ಲಿ ಪದ್ಮಭೂಷಣ ಬಂತು. ಆ ಬಾನಿಯ ಅಭಿನಯವನ್ನು ಎಣಿಸಿಟ್ಟ ಸಾಲುಗಳಿಗೆ ಕಟ್ಟಿಹಾಕಿದರೆ ಅದರ ಜೀವವೇ ಹೋಗುತ್ತದೆ.

ಎರಡನೆಯದು, ಹಿಮ್ಮೇಳದವರ ಜೊತೆ ಎಷ್ಟು ದಿನ ಕೂತು ಅಭ್ಯಾಸ ಮಾಡಲು ಸಾಧ್ಯ ಅನ್ನೋದು. ನನಗೆ ಇದು ಉಳಿದೆಲ್ಲಕ್ಕಿಂತ ದೊಡ್ಡದು, ಮುಂದೆ ವಿವರವಾಗಿ ಹೇಳುತ್ತೇನೆ. ಮೂರನೆಯದು ಜಾಗ ಮತ್ತು ಕಾಲ. ನಮ್ಮ ಮಲೆನಾಡಿನಲ್ಲಿ ಆಷಾಢಕ್ಕೂ ಮಾಘಕ್ಕೂ ಬಹಳ ವ್ಯತ್ಯಾಸ.

ನಾಲ್ಕನೆಯದು ಹಣ. ಇಲ್ಲಿ ಒಬ್ಬರ ಸಂಭಾವನೆ ಎಷ್ಟು ಅಂತ ಕೇಳಿ ಅದನ್ನು ಆರರಿಂದ ಗುಣಿಸಿ ಸುಮ್ಮನಾಗಬೇಡಿ. ಜನ ಎಷ್ಟು, ದಿನ ಎಷ್ಟು, ಎರಡನ್ನೂ ಗುಣಿಸಿ. 6 ಜನ, 2 ದಿನ ರಿಹರ್ಸಲ್, 1 ದಿನ ಕಾರ್ಯಕ್ರಮ ಅಂದರೆ 18 ಆಯಿತು. 3 ಜನ, 4 ದಿನ ರಿಹರ್ಸಲ್, 1 ದಿನ ಕಾರ್ಯಕ್ರಮ ಅಂದರೆ 15. ರಿಹರ್ಸಲ್ ದಿನಕ್ಕೆ ಕಡಿಮೆ ತೆಗೆದುಕೊಳ್ಳುವವರೂ ಇದ್ದಾರೆ, ನಾಚಿಕೆ ಬಿಟ್ಟು ಮೊದಲೇ ಕೇಳಿ. ಇದಕ್ಕೆ ಓಡಾಟ, ಉಳಿಯುವ ವ್ಯವಸ್ಥೆ, ಊಟ, ಮೈಕ್ ಸೇರಿಸಿದರೆ ನಿಜವಾದ ಲೆಕ್ಕ.

ಪೂರ್ತಿ ಹಿಮ್ಮೇಳ

ಪೂರ್ತಿ ಅಂದರೆ ನಟುವಾಂಗ, ಹಾಡುಗಾರಿಕೆ, ಮೃದಂಗ, ಕೊಳಲು, ಪಿಟೀಲು. ಕೆಲವರು ವೀಣೆ ಸೇರಿಸುತ್ತಾರೆ, ಕೆಲವರು ರಿದಂ ಪ್ಯಾಡ್. ಇದು ಕೊಡುವ ತುಂಬಿದ ನಾದ ಬೇರೆ ಯಾವುದರಲ್ಲೂ ಸಿಗುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ವಿರಹದ ಸಾಲಿಗೆ ಹಾಡುವವರು ನಿಂತು ಕೊಳಲು ಒಂದೇ ಮುಂದುವರಿದಾಗ ಸಭೆಯಲ್ಲಿ ಯಾರೂ ಕೆಮ್ಮುವುದೂ ಇಲ್ಲ. ಇನ್ನೊಂದು ಅನುಕೂಲವೂ ಇದೆ. ರಂಗಪ್ರವೇಶ ಎರಡು, ಎರಡೂವರೆ ಗಂಟೆ. ನಡುವೆ ಒಂದೋ ಎರಡೋ ಸಲ ಡ್ರೆಸ್ ಬದಲಾಯಿಸಬೇಕು, ಹುಡುಗಿ ನೀರು ಕುಡಿದು ಉಸಿರು ತಗೋಬೇಕು. ಆ ಹತ್ತು ನಿಮಿಷವನ್ನು ಪಿಟೀಲು, ಕೊಳಲಿನವರು ಒಂದು ಕೃತಿ ನುಡಿಸಿ ತುಂಬಿಬಿಡುತ್ತಾರೆ. ಇಲ್ಲದಿದ್ದರೆ ಆ ಹೊತ್ತಿಗೆ ಭಾಷಣ ಬರುತ್ತದೆ, ಬಂದ ಭಾಷಣ ಹತ್ತು ನಿಮಿಷಕ್ಕೆ ನಿಲ್ಲುವುದಿಲ್ಲ.

ಈಗ ಕಷ್ಟದ ಭಾಗ. ಇಷ್ಟು ಜನ, ಅದೂ ನೃತ್ಯಕ್ಕೆ ನುಡಿಸಿ ಪಳಗಿದವರು, ಒಟ್ಟಿಗೆ ಸಿಗುವುದು ಬೆಂಗಳೂರು, ಮೈಸೂರಿನಲ್ಲಿ. ಬೆಂಗಳೂರಿಂದ ಶಿವಮೊಗ್ಗಕ್ಕೆ ಸುಮಾರು 300 ಕಿ.ಮೀ. ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಹತ್ತಿದರೆ ಶಿವಮೊಗ್ಗ, ಸಾಗರ ಎರಡಕ್ಕೂ ಬೆಳಗ್ಗೆ ಬಂದು ಇಳಿಯಬಹುದು. ತೀರ್ಥಹಳ್ಳಿ, ಹೊಸನಗರಕ್ಕೆ ರೈಲಿಲ್ಲ, ಮತ್ತೆ ಘಟ್ಟದ ತಿರುವಿನ ರಸ್ತೆ. ಆರು ಜನರ ಮೂರು ದಿನ ಒಟ್ಟಿಗೆ ಸಿಗುವುದೂ ಸುಲಭವಲ್ಲ. ಒಬ್ಬರಿಗೆ ಮದುವೆ ಕಛೇರಿ, ಇನ್ನೊಬ್ಬರಿಗೆ ಕಾಲೇಜಿನ ಪಾಠ. ಕೊನೆಗೆ ಆಗುವುದೇನು? ರಿಹರ್ಸಲ್ ದಿನ ಕಡಿಮೆಯಾಗುತ್ತದೆ.

ನನ್ನ ಅನುಭವವನ್ನೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ರಂಗಪ್ರವೇಶಕ್ಕೆ ದೊಡ್ಡ ಹಿಮ್ಮೇಳ ಬಂತು. ಒಬ್ಬೊಬ್ಬರೂ ಒಳ್ಳೆಯ ಕಲಾವಿದರು. ಬೆಳಗ್ಗೆ ಇಳಿದರು, ಮಧ್ಯಾಹ್ನ ಒಂದೇ ರಿಹರ್ಸಲ್, ಸಂಜೆ ಕಾರ್ಯಕ್ರಮ. ವರ್ಣದ ಎರಡನೇ ಜತಿಯ ಕೊನೆಯಲ್ಲಿ ನಮ್ಮ ಪಾಠದಂತೆ ಮುಕ್ತಾಯ ಮೂರು ಸಲ ಬರಬೇಕು, ಮೂರನೆಯದರ ಮುಂಚೆ ಒಂದು ಸಣ್ಣ ಬಿಡುವು ಇದೆ. ಆ ಬಿಡುವು ಮೃದಂಗದವರಿಗೆ ಗೊತ್ತಿರಲಿಲ್ಲ. ಗೊತ್ತಿರಲು ಅವರಿಗೆ ಸಮಯವನ್ನೇ ಯಾರೂ ಕೊಟ್ಟಿರಲಿಲ್ಲ. ಅವರು ನೇರ ನುಡಿಸಿ ಮುಗಿಸಿದರು, ಹಾಡಿನವರು ಪಲ್ಲವಿ ಎತ್ತಿದರು. ಹುಡುಗಿ ಎತ್ತಿದ ಕಾಲು ಎತ್ತಿದ ಹಾಗೇ ನಿಂತಳು. ಒಂದೇ ಆವರ್ತ. ನಾನು ತಾಳ ಜೋರಾಗಿ ತಟ್ಟಿ ಹಿಡಿದುಕೊಂಡೆ, ಅವಳೂ ಸೇರಿಕೊಂಡಳು. ಸಭೆಯಲ್ಲಿ ಹೆಚ್ಚಿನವರಿಗೆ ತಿಳಿಯಲಿಲ್ಲ. ಆದರೆ ಅದಾದ ಮೇಲೆ ಆ ಮಗುವಿನ ಕಣ್ಣು ಇಡೀ ವರ್ಣದಲ್ಲಿ ನನ್ನ ಕಡೆಗೇ ಬರುತ್ತಿತ್ತು. ನಾಯಕನನ್ನು ಹುಡುಕಬೇಕಾದ ಕಣ್ಣು ಗುರುವನ್ನು ಹುಡುಕುತ್ತಿತ್ತು. ಅದು ನನಗೆ ಇನ್ನೂ ಮರೆತಿಲ್ಲ.

ಪೂರ್ತಿ ಹಿಮ್ಮೇಳ ಕರೆಸುವುದಾದರೆ ಕನಿಷ್ಠ ಎರಡು ರಿಹರ್ಸಲ್ ಬೇಕು, ಅದರಲ್ಲಿ ಒಂದು ವೇದಿಕೆಯ ಮೇಲೇ ಆಗಬೇಕು. ಆಗುವುದಿಲ್ಲ ಅಂದರೆ ಜನ ಕಡಿಮೆ ಮಾಡಿ, ದಿನ ಕಡಿಮೆ ಮಾಡಬೇಡಿ. ಒಂದು ತಿಂಗಳ ಮುಂಚೆಯೇ ಎಲ್ಲ ಜತಿಗಳನ್ನೂ ಬಾಯಲ್ಲಿ ಹೇಳಿ, ತಾಳ ಹಾಕಿ, ವಾಟ್ಸಾಪ್‌ನಲ್ಲಿ ಕಳಿಸಿ. ಬರೆದ ಪ್ರತಿಯನ್ನೂ ಕೊಡಿ. ಬಿಡುವು ಇರುವಲ್ಲಿ ಕೆಂಪು ಶಾಯಿ ಹಾಕಿ. ನಾನು ಅವತ್ತಿನಿಂದ ಹಾಗೇ ಮಾಡುತ್ತಿದ್ದೇನೆ.

ಮೈಕಿನ ಲೆಕ್ಕವನ್ನೂ ಮರೆಯಬೇಡಿ. ಹಾಡಿಗೆ 1, ನಟುವಾಂಗಕ್ಕೆ 1, ಮೃದಂಗದ ಎರಡು ಮುಖಕ್ಕೆ 2, ಕೊಳಲು, ಪಿಟೀಲಿಗೆ ಒಂದೊಂದು, ಜೊತೆಗೆ ಶ್ರುತಿ ಪೆಟ್ಟಿಗೆ. ನರ್ತಕಿಗೆ ಕೇಳುವ ಹಾಗೆ ವೇದಿಕೆಯ ಮೇಲೊಂದು ಮಾನಿಟರ್ ಬೇಕೇ ಬೇಕು. ಶಾಮಿಯಾನದವರ ಜೊತೆ ಬರುವ ಎರಡು ಮೈಕಿನ ಸೆಟ್‌ನಲ್ಲಿ ಆರು ಜನರನ್ನು ಕೂರಿಸಿದರೆ ಮುಂದಿನ ಸಾಲಿಗೆ ಕೇಳುವುದು ತಾಳದ ಸದ್ದು ಮಾತ್ರ.

ಮೂರು ಜನ

ನಟುವಾಂಗ, ಹಾಡು, ಮೃದಂಗ. ನನಗೆ ಬಹಳ ಇಷ್ಟವಾದ ದಾರಿ ಇದೇ, ಮುಚ್ಚಿಡುವುದಿಲ್ಲ.

"ಬರೀ ಮೂರು ಜನಾನಾ? ಬೋಳು ಬೋಳಾಗಿ ಕಾಣಲ್ವಾ?" ಅಂತ ಪೋಷಕರು ಕೇಳುತ್ತಾರೆ. ನಾನು ಅವರಿಗೆ ಯಕ್ಷಗಾನ ನೆನಪಿಸುತ್ತೇನೆ. ಭಾಗವತರು, ಮದ್ದಳೆ, ಚಂಡೆ. ಇಷ್ಟರ ಮೇಲೆ ಇಡೀ ರಾತ್ರಿ ಪ್ರಸಂಗ ನಡೆದ ನಾಡು ಇದು. ಭಾಗವತರು ವೇಷಧಾರಿಯ ಮುಖ ನೋಡಿ ಪದ ಎಳೆಯುತ್ತಾರೆ, ಕುಣಿತ ಮುಗಿಯಿತು ಅಂತ ಕಂಡ ಮೇಲೇ ನಿಲ್ಲಿಸುತ್ತಾರೆ. ಬಯಲಲ್ಲಿ ಕೂತು ಅದನ್ನು ನೋಡಿ ಬೆಳೆದ ನಮ್ಮ ಜನಕ್ಕೆ ಹಾಡುವವರು ಮತ್ತು ಕುಣಿಯುವವರ ನಡುವಿನ ಆ ಕಣ್ಣಿನ ಮಾತು ಚೆನ್ನಾಗಿ ಗೊತ್ತು. ಅದಿದ್ದರೆ ವಾದ್ಯ ಕಡಿಮೆ ಅಂತ ಯಾರಿಗೂ ಅನಿಸುವುದಿಲ್ಲ.

ದೊಡ್ಡ ಲಾಭ ದಿನಗಳದ್ದು. ಹಾಡುವವರು ಇಲ್ಲೇ ಶಿವಮೊಗ್ಗದ ಗಾಂಧಿನಗರದಲ್ಲೋ ವಿನೋಬನಗರದಲ್ಲೋ ಇದ್ದರೆ ಸಂಜೆ ಏಳಕ್ಕೆ ಬಂದು ಒಂಬತ್ತಕ್ಕೆ ಮನೆಗೆ ಹೋಗಬಹುದು. ಅಂಥ ನಾಲ್ಕೈದು ಸಂಜೆ ಸಿಕ್ಕರೆ ಸಾಕು. ಮೂರನೇ ಸಂಜೆಯ ಹೊತ್ತಿಗೆ ಹಾಡುವವರು ಪುಸ್ತಕದಿಂದ ತಲೆ ಎತ್ತಿರುತ್ತಾರೆ. ಅಲ್ಲಿಂದ ಮುಂದೆ ನಡೆಯುವುದೇ ನಿಜವಾದ ಹಿಮ್ಮೇಳ.

ತೊಂದರೆ ಇಲ್ಲ ಅಂತಲ್ಲ. ನಮ್ಮ ಊರಿನಲ್ಲಿ ಕರ್ನಾಟಕ ಸಂಗೀತ ಹಾಡುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಕಛೇರಿಗೆ ಹಾಡುವುದು ಬೇರೆ, ನೃತ್ಯಕ್ಕೆ ಹಾಡುವುದು ಬೇರೆ. ಕಛೇರಿಯಲ್ಲಿ ಮನಸ್ಸು ಬಂದಂತೆ ಒಂದು ಸಾಲನ್ನು ಬೆಳೆಸಬಹುದು. ಇಲ್ಲಿ ಬೆಳೆಸುವುದು, ನಿಲ್ಲಿಸುವುದು ನರ್ತಕಿಯ ಕೈಯಲ್ಲಿದೆ. ಕಾಲ ಒಂದು ಕೂದಲೆಳೆಯೂ ಓಡಬಾರದು. ಹೊಸಬರನ್ನು ಒಪ್ಪಿಸುವ ಮೊದಲು ನಾನು ಒಂದು ಕೆಲಸ ಮಾಡುತ್ತೇನೆ. ವರ್ಣದ ಪಲ್ಲವಿಯ ಒಂದೇ ಸಾಲನ್ನು 12 ಸಲ ಹಾಡಿ ಅನ್ನುತ್ತೇನೆ, ಹುಡುಗಿ ಸಂಚಾರಿ ಮಾಡುತ್ತಾಳೆ. ಅವರ ಕಣ್ಣು ಎಲ್ಲಿದೆ ಅಂತ ನೋಡುತ್ತೇನೆ. ಅವಳ ಮೇಲಿದ್ದರೆ ಮಿಕ್ಕಿದ್ದನ್ನು ಕಲಿಯುತ್ತಾರೆ. ಮೃದಂಗದವರಿಗೂ ಹಾಗೇ. ಹಾಡಿಗೆ ನುಡಿಸಿ ರೂಢಿಯಾದವರು ಮೊದಮೊದಲು ಹಾಡುವವರ ಕಡೆ ತಿರುಗಿ ಕೂರುತ್ತಾರೆ. ನೃತ್ಯಕ್ಕೆ ಅವರು ಪಾದ ನೋಡಬೇಕು. ನಾಟ್ಟಡವು, ಕುದಿತ್ತಮೆಟ್ಟು ಅನ್ನೋ ಹೆಜ್ಜೆಗಳಲ್ಲಿ ಒಂದರ ತಟ್ಟು ಬೇರೆ, ಇನ್ನೊಂದರ ತಟ್ಟು ಬೇರೆ, ಎರಡಕ್ಕೂ ಒಂದೇ ನುಡಿ ಬಂದರೆ ಕಾಲಿಗೆ ಬಲ ಸಿಗುವುದಿಲ್ಲ.

ಹಾಡುವವರನ್ನು ಗೊತ್ತು ಮಾಡಿದ ದಿನವೇ ಶ್ರುತಿ ಕೇಳಿಕೊಳ್ಳಿ. ಹೆಂಗಸರು ಐದು, ಐದೂವರೆ ಮನೆಯಲ್ಲಿ (ಶ್ರುತಿಯ ಮಟ್ಟಕ್ಕೆ ಹೇಳುವ ಎಣಿಕೆ) ಹಾಡಬಹುದು, ಗಂಡಸರು ಒಂದು, ಒಂದೂವರೆ ಮನೆಯಲ್ಲಿ. ಅದಕ್ಕೆ ತಕ್ಕ ಮೃದಂಗವೇ ಬೇರೆ. ಹಿಂದಿನ ದಿನ ಗೊತ್ತಾದರೆ ಮೃದಂಗದವರು ಪರದಾಡಬೇಕಾಗುತ್ತದೆ.

ನಾಲ್ಕನೆಯವರನ್ನು ಸೇರಿಸುವಷ್ಟು ಹಣ ಇದ್ದರೆ ಯಾರು? ಎಲ್ಲರೂ ಕೊಳಲು ಅನ್ನುತ್ತಾರೆ. ನಾನು ಪಿಟೀಲು ಅನ್ನುತ್ತೇನೆ. ಎರಡು ಗಂಟೆ ಒಬ್ಬರೇ ಹಾಡುವಾಗ ಗಂಟಲಿಗೆ ಆಸರೆ ಬೇಕು. ಸಾಲು ಮುಗಿದು ಇನ್ನೊಂದು ಎತ್ತುವವರೆಗೆ ನಾದ ಕಡಿಯದ ಹಾಗೆ ಪಿಟೀಲು ಹಿಡಿದುಕೊಳ್ಳುತ್ತದೆ. ಕಾರ್ಯಕ್ರಮ ಪೂರ್ತಿ ಕೃಷ್ಣನ ಮೇಲಿದ್ದರೆ ಮಾತ್ರ ಕೊಳಲಿಗೆ ನನ್ನ ಮತ.

ನಮ್ಮ ಜಿಲ್ಲೆಗೇ ಹೊಂದುವ ಇನ್ನೊಂದು ಮಾತು. ಹೊಸಹಳ್ಳಿಯ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ, ನಮಗೆಲ್ಲ ಗೊತ್ತು. ಗಮಕಕ್ಕೆ ತಾಳದ ಕಟ್ಟಿಲ್ಲ, ಮೃದಂಗ ಬೇಡ. ಒಬ್ಬ ಗಮಕಿ, ಶ್ರುತಿ, ಕುಮಾರವ್ಯಾಸನ ನಾಲ್ಕು ಷಟ್ಪದಿ ಇದ್ದರೆ ಹತ್ತು ನಿಮಿಷದ ಒಳ್ಳೆಯ ಅಭಿನಯ ಆಗುತ್ತದೆ. ನಮ್ಮ ಉಡುತಡಿಯವಳೇ ಆದ ಅಕ್ಕನ ವಚನಗಳನ್ನೂ ಹೀಗೆ ಮಾಡಬಹುದು. ಭಾಷೆ ಕೇಳುವವರದ್ದೇ ಆದ್ದರಿಂದ ಹಿಂದಿನ ಸಾಲಿನ ಅಜ್ಜಿಯೂ ಕತ್ತು ಮುಂದೆ ಚಾಚಿ ನೋಡುತ್ತಾರೆ. ಡ್ರೆಸ್ ಬದಲಾಯಿಸಿದ ಮೇಲಿನ ಮೊದಲ ಐಟಂ ಆಗಿ ಇಟ್ಟು ನೋಡಿ, ಹುಡುಗಿಗೆ ಉಸಿರೂ ಸುಧಾರಿಸುತ್ತದೆ.

ನಿಮ್ಮದೇ ರೆಕಾರ್ಡಿಂಗ್

ರೆಕಾರ್ಡಿಂಗ್ ಅಂದ ಕೂಡಲೇ ಕೀಳು ಅಂತ ಮುಖ ತಿರುಗಿಸುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ನವರಾತ್ರಿಯಲ್ಲಿ ಒಂದೇ ವಾರ ಮೂರು ದೇವಸ್ಥಾನದಲ್ಲಿ ಇಪ್ಪತ್ತು ಇಪ್ಪತ್ತು ನಿಮಿಷದ ಸೇವೆ, ಗಣಪತಿ ಪೆಂಡಾಲು, ಕಾಲೇಜಿನ ಸ್ಪರ್ಧೆ, ಹೊರ ಊರಿನ ಕರೆ. ಇವಕ್ಕೆಲ್ಲ ಪ್ರತಿ ಸಲ ಮೂರು ಜನರನ್ನು ಕರೆದುಕೊಂಡು ಹೋಗಲು ಯಾವ ಮನೆಗೂ ಆಗುವುದಿಲ್ಲ. ಒಂದು ಸಲ ಖರ್ಚು ಮಾಡಿದರೆ ಇಪ್ಪತ್ತು ಸಲ ಬಳಸಬಹುದು. ಕಾಲ ಓಡುವುದಿಲ್ಲ, ಎಳೆಯುವುದಿಲ್ಲ. ಲೈವ್‌ನಲ್ಲಿ ಹುರುಪು ಬಂದು ತಿಲ್ಲಾನ ಎಲ್ಲೋ ಓಡಿಹೋಗುವುದನ್ನು ನೋಡಿದ್ದೇನೆ. ರೆಕಾರ್ಡಿಂಗ್‌ನಲ್ಲಿ ಆ ಭಯ ಇಲ್ಲ. ಚಿಕ್ಕ ಮಕ್ಕಳಿಗೆ ಅದೇ ಧೈರ್ಯ.

ಆದರೆ ಅದು ನಿಮ್ಮದೇ ಆಗಿರಬೇಕು. ನಿಮ್ಮ ಗುರುಗಳ ಜತಿ, ನಿಮ್ಮ ಹುಡುಗಿಯ ಕಾಲಪ್ರಮಾಣ, ಅವಳ ಸಂಚಾರಿಗೆ ಬೇಕಾದಷ್ಟು ಸಾಲು. ಸ್ಟುಡಿಯೋಗೆ ಅವಳನ್ನೂ ಕರೆದುಕೊಂಡು ಹೋಗಿ. ಅಲ್ಲಿ ಕುಣಿಯಲು ಜಾಗ ಇಲ್ಲದಿದ್ದರೆ ಕೂತು ಕೈಯಲ್ಲೇ ಮಾಡಿ ತೋರಿಸಲಿ, ಹಾಡುವವರು ಗಾಜಿನಾಚೆಯಿಂದ ಅವಳನ್ನು ನೋಡಿ ಹಾಡಲಿ. ಹಾಡು, ನಟುವಾಂಗ, ಮೃದಂಗವನ್ನು ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಇಡಿಸಿ. ಪ್ರತಿ ಐಟಂ ಬೇರೆ ಫೈಲ್ ಆಗಿರಲಿ, ಹೆಸರಿನ ಮುಂದೆ ಕ್ರಮಸಂಖ್ಯೆ ಹಾಕಿ. ಎರಡು ಪೆನ್ ಡ್ರೈವ್ ಒಯ್ಯಿರಿ. ಫೋನಿನಿಂದ ಹಾಕುವುದಾದರೆ ಫ್ಲೈಟ್ ಮೋಡ್‌ಗೆ ಇಡಿ, ಪದದ ಮಧ್ಯೆ ಯಾರದ್ದೋ ಕರೆ ಬಂದು ರಿಂಗಾದರೆ ಆ ಕ್ಷಣ ಮತ್ತೆ ಸಿಗುವುದಿಲ್ಲ.

ಅಂತರ್ಜಾಲದಿಂದ ಬೇರೆಯವರ ರೆಕಾರ್ಡಿಂಗ್ ಇಳಿಸಿಕೊಂಡು ಮಾಡುವುದು ಮಾತ್ರ ಬೇಡ. ಆ ಜತಿ ಒಬ್ಬ ಗುರು ಕೂತು ಕಟ್ಟಿದ್ದು, ಕೇಳದೆ ತೆಗೆದುಕೊಳ್ಳಬಾರದು. ನಿಮ್ಮ ವಿಡಿಯೋ ಯೂಟ್ಯೂಬ್‌ಗೆ ಹಾಕಿದಾಗ ಹಕ್ಕಿನ ತಕರಾರೂ ಬರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಇನ್ಯಾರದೋ ಉಸಿರಿಗೆ ಹೊಂದಿಸಿದ ಸಂಗೀತ.

ಅರ್ಧ ಲೈವ್, ಅರ್ಧ ರೆಕಾರ್ಡಿಂಗ್

ರೆಕಾರ್ಡಿಂಗ್ ಹಾಕಿ, ಅದರ ಮೇಲೆ ನಟುವಾಂಗ ಮಾತ್ರ ಲೈವ್ ಮಾಡೋಣ್ವಾ ಅಂತ ಕೇಳುತ್ತಾರೆ. ಖರ್ಚು ಕಡಿಮೆ, ವೇದಿಕೆಯ ಮೇಲೆ ಗುರುಗಳು ಕಾಣುತ್ತಾರೆ. ನನಗೆ ಇದು ಒಗ್ಗಿಲ್ಲ. ಕೈಯಲ್ಲಿರುವ ತಾಳ, ಸ್ಪೀಕರಿನಿಂದ ಬರುವ ಮೃದಂಗ ಎರಡೂ ಒಂದೇ ಚುಕ್ಕಿಯಲ್ಲಿ ಬೀಳಬೇಕು. ಮಾನಿಟರ್ ಚೆನ್ನಾಗಿಲ್ಲದಿದ್ದರೆ ಹಿಂದಿನ ಗೋಡೆಗೆ ಬಡಿದು ಬಂದ ಸದ್ದಿಗೆ ತಾಳ ಹಾಕುವಂತಾಗುತ್ತದೆ. ಹುಡುಗಿ ಒಂದು ಅಕ್ಷರ ಹಿಂದೆ ಬಿದ್ದರೆ ನಟುವಾಂಗದವರು ಅವಳ ಜೊತೆ ಇರಬೇಕಾ, ರೆಕಾರ್ಡಿಂಗ್ ಜೊತೆ ಓಡಬೇಕಾ? ಕಾಯುವ ಅಧಿಕಾರ ಇಲ್ಲದ ಮೇಲೆ ಲೈವ್ ಆಗಿ ಕೂತು ಏನು ಪ್ರಯೋಜನ?

ಐಟಂಗಳನ್ನು ಹಂಚುವುದು ಇದಕ್ಕಿಂತ ಮೇಲು. ಮೊದಲ ಅಲರಿಪು, ಜತಿಸ್ವರ ರೆಕಾರ್ಡಿಂಗ್‌ನಲ್ಲಿ, ಆಮೇಲೆ ಹಿಮ್ಮೇಳದವರು ಬಂದು ಕೂತು ವರ್ಣದಿಂದ ಮಂಗಳದವರೆಗೆ ಲೈವ್. ಕ್ರಮ ಉಲ್ಟಾ ಮಾಡಬೇಡಿ. ಮನುಷ್ಯರ ದನಿ ಕೇಳಿದ ಕಿವಿಗೆ ಆಮೇಲೆ ಸ್ಪೀಕರ್ ಸಂಗೀತ ಸಪ್ಪೆ ಅನಿಸುತ್ತದೆ.

ಆದರೆ ನಾನು ಹೆಚ್ಚಿನವರಿಗೆ ಹೇಳುವುದು ಇನ್ನೊಂದು. ಹಣ ಕಡಿಮೆ ಇದ್ದರೆ ಹೊತ್ತನ್ನು ಕಡಿಮೆ ಮಾಡಿ. ಎರಡೂವರೆ ಗಂಟೆಯ ಮಾರ್ಗ (ಐಟಂಗಳ ಪೂರ್ತಿ ಸಾಲು) ಮಾಡಲೇಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಪುಷ್ಪಾಂಜಲಿ, ವರ್ಣ, ಒಂದು ದೇವರನಾಮ, ತಿಲ್ಲಾನ, ಮಂಗಳ. ಒಂದೂಕಾಲು ಗಂಟೆ. ಒಂದೇ ಡ್ರೆಸ್. ಮೂರು ಜನ. ಕಲಿಯಬೇಕಾದ್ದು ಕಡಿಮೆಯಾದ್ದರಿಂದ ಅದೇ ನಾಲ್ಕು ಸಂಜೆಯಲ್ಲಿ ವರ್ಣವನ್ನು ಎರಡರಷ್ಟು ಸಲ ಮಾಡಬಹುದು. ನೋಡುವವರೂ ಕೊನೆಯವರೆಗೆ ಕೂತಿರುತ್ತಾರೆ.

ಜಾಗ, ಮಳೆ, ಕರೆಂಟು

ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ದೊಡ್ಡ ಸಭಾಂಗಣಕ್ಕೆ ಮೂರು ಜನ ಸಾಲುವುದಿಲ್ಲ ಅಂತಿಲ್ಲ, ಆದರೆ ಸೌಂಡ್ ಚೆನ್ನಾಗಿರಲೇಬೇಕು. ವಾದ್ಯಕ್ಕೆ ಮೀಸಲಿಟ್ಟ ಹಣದಲ್ಲಿ ಸ್ವಲ್ಪ ಆ ಕಡೆ ಹಾಕಿ. ಹೆಗ್ಗೋಡಿನ ನೀನಾಸಂನಂಥ ಕಡೆ ಜನ ನಾಟಕ ನೋಡಿ ಪಳಗಿದವರು, ಮೌನವಾಗಿ ಕೂರುತ್ತಾರೆ. ಅಲ್ಲಿ ಮೂರು ಜನ ಧಾರಾಳ. ಎಲ್ಲೇ ಆಗಲಿ, ಹಿಮ್ಮೇಳದವರು ಕೂತ ಜಾಗದಿಂದ ನರ್ತಕಿಯ ಮುಖ ಕಾಣಬೇಕು. ಹಿಂದೆ ಅವರು ನರ್ತಕಿಯ ಬೆನ್ನ ಹಿಂದೆ ನಿಂತು, ಅವಳು ಹೋದಲ್ಲೆಲ್ಲ ಹೋಗುತ್ತಿದ್ದರು. 1936ರಲ್ಲಿ ಮದ್ರಾಸಿನಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿಯವರು ಅವರನ್ನು ಒಂದು ಪಕ್ಕಕ್ಕೆ ಕೂರಿಸಿದರು. ಆ ಪಕ್ಕದಲ್ಲೇ ಈಗ ನಾವು ನಟರಾಜನ ಮೂರ್ತಿ, ಆಳೆತ್ತರದ ದೀಪ, ಹೂವಿನ ಕಮಾನು ಎಲ್ಲ ತಂದಿಡುತ್ತೇವೆ. ಹಾಡುವವರಿಗೆ ಕಾಣುವುದು ಚೆಂಡು ಹೂ. ಅಲಂಕಾರದವರಿಗೆ ಮೊದಲೇ ಹೇಳಿಬಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಸಭಾಭವನ ಬೇಡವೇ ಬೇಡ. ಮಳೆ ಹೊಡೆದರೆ ಯಾವ ಹಿಮ್ಮೇಳವೂ ಕೇಳುವುದಿಲ್ಲ. ತೇವಕ್ಕೆ ಮೃದಂಗದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಮೃದಂಗದವರು ಐಟಂಗಳ ನಡುವೆ ಕಲ್ಲು ತೆಗೆದು ಅಂಚಿಗೆ ಬಡಿದು ಶ್ರುತಿ ಏರಿಸುತ್ತಾರೆ, ಎಡಮುಖದ ರವೆ ಒರೆಸಿ ಹೊಸದಾಗಿ ಕಲಸಿ ಮೆತ್ತುತ್ತಾರೆ. ಅದಕ್ಕೆ ಎರಡು ನಿಮಿಷ ಬೇಕು. ನಿರೂಪಣೆಯವರು ಆ ಎರಡು ನಿಮಿಷ ಮಾತಾಡುವ ಹಾಗೆ ಹೊಂದಿಸಿ. ಡಿಸೆಂಬರ್, ಜನವರಿಯ ಬಯಲು ವೇದಿಕೆಯಲ್ಲಿ ಇಬ್ಬನಿ ಬಿದ್ದಾಗಲೂ ಇದೇ ಕಥೆ.

ರೆಕಾರ್ಡಿಂಗ್‌ಗೆ ತೇವದ ಭಯವಿಲ್ಲ, ಆದರೆ ಕರೆಂಟಿನ ಭಯವಿದೆ. ಒಂದು ಶ್ರಾವಣದಲ್ಲಿ ತೀರ್ಥಹಳ್ಳಿ ಕಡೆಯ ದೇವಸ್ಥಾನದಲ್ಲಿ ನಮ್ಮ ಕಾರ್ಯಕ್ರಮ. ವರ್ಣ ಅರ್ಧ ಆಗಿತ್ತು. ದೀಪ, ಮೈಕು ಎಲ್ಲ ಒಟ್ಟಿಗೆ ಹೋಯಿತು. ಮೃದಂಗ ನಿಲ್ಲಲಿಲ್ಲ. ಹಾಡುತ್ತಿದ್ದವರು ದನಿ ಏರಿಸಿದರು. ಹೊರಗೆ ಮಳೆ, ಒಳಗೆ ಗರ್ಭಗುಡಿಯ ನಂದಾದೀಪದ ಬೆಳಕು, ಕಲ್ಲು ಹಾಸಿನ ಮೇಲೆ ಗೆಜ್ಜೆ. ಒಬ್ಬೊಬ್ಬರಾಗಿ ಮೊಬೈಲ್ ಬೆಳಕು ಹಿಡಿದರು. ಕರೆಂಟ್ ಬಂದಾಗ ನಾವು ಚರಣದಲ್ಲಿದ್ದೆವು. ಪೆನ್ ಡ್ರೈವ್ ಆಗಿದ್ದರೆ ಅವತ್ತು ಅಲ್ಲಿಗೇ ನಿಲ್ಲುತ್ತಿತ್ತು.

ಹಾಗಾದ್ರೆ ಯಾರಿಗೆ ಯಾವುದು?

ರಂಗಪ್ರವೇಶ, ಕೈಯಲ್ಲಿ ಹಣ ಇದೆ, ಆರು ಜನರ ಮೂರು ದಿನ ನಿಜವಾಗಿ ಸಿಗುತ್ತದೆ ಅಂದರೆ ಪೂರ್ತಿ ಹಿಮ್ಮೇಳ ಮಾಡಿಸಿ, ಸಂತೋಷ. ಮಲೆನಾಡಿನ ಮನೆಗಳಲ್ಲಿ ಜಾಗಕ್ಕೆ, ಊಟಕ್ಕೆ ಕೊರತೆ ಇಲ್ಲ, ಲಾಡ್ಜ್ ಬದಲು ಮನೆಯಲ್ಲೇ ಉಳಿಸಿಕೊಂಡರೆ ಖರ್ಚೂ ಉಳಿಯುತ್ತದೆ, ರಾತ್ರಿ ಊಟದ ಮೇಲೆ ಇನ್ನೊಂದು ಸಲ ಜತಿ ಹೇಳಿಕೊಳ್ಳಲು ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಸಾಲ ಮಾಡಿ ಕರೆಸುವಂತಿದ್ದರೆ ಬೇಡ. ಆ ಮಗು ವೇದಿಕೆಯ ಮೇಲೆ ಸಾಲದ ಭಾರ ಹೊತ್ತು ಕುಣಿಯಬಾರದು.

ಅಭಿನಯದಲ್ಲಿ ಗಟ್ಟಿ ಇರುವ ಹುಡುಗಿ, ಹುಡುಗ ಯಾರೇ ಆಗಲಿ, ಮೂರು ಜನ, ಹೆಚ್ಚು ದಿನ. ವಿದ್ವತ್ ಪರೀಕ್ಷೆ ಮುಗಿಸಿ ಸ್ವಂತವಾಗಿ ಕಾರ್ಯಕ್ರಮ ಹುಡುಕುತ್ತಿರುವ ಯುವಕಲಾವಿದರಿಗೆ ಎರಡೂ ಬೇಕು: ಸಣ್ಣ ಕರೆಗಳಿಗೆ 40 ನಿಮಿಷದ ಸ್ವಂತ ರೆಕಾರ್ಡಿಂಗ್, ವರ್ಷಕ್ಕೆ ಒಂದಾದರೂ ಲೈವ್. ಬರೀ ರೆಕಾರ್ಡಿಂಗ್‌ಗೆ ಕುಣಿದವರಿಗೆ ಒಂದು ದಿನ ಹಾಡುವವರು ಎದುರು ಕೂತಾಗ ಏನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆಯ ಹಂತದ ಮಕ್ಕಳಿಗೆ ರೆಕಾರ್ಡಿಂಗ್ ಸಾಕು, ಆದರೆ ತರಗತಿಯಲ್ಲಿ ತಿಂಗಳಿಗೊಮ್ಮೆ ಒಬ್ಬರು ಮೃದಂಗದವರನ್ನು ಕೂರಿಸಿಕೊಳ್ಳಿ. ನಾಲ್ಕು ಮನೆಯವರು ಸೇರಿ ಕೊಟ್ಟರೆ ಯಾರಿಗೂ ಭಾರವಾಗುವುದಿಲ್ಲ.

ಯಾವುದನ್ನು ಆರಿಸಿದರೂ ಸಂಭಾವನೆ ಮೊದಲೇ ಮಾತಾಡಿ, ಅವತ್ತೇ ರಾತ್ರಿ ಕೊಟ್ಟುಬಿಡಿ. ಆಹ್ವಾನ ಪತ್ರಿಕೆಯಲ್ಲಿ ಪ್ರತಿಯೊಬ್ಬರ ಹೆಸರೂ ಇರಲಿ.

ಸಾಗರದ ಆ ತಾಯಿ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಮೂರು ಜನ ಮತ್ತು ಪಿಟೀಲು, ಒಂದೂವರೆ ಗಂಟೆ, ಫೆಬ್ರವರಿಯಲ್ಲಿ. ರಿಹರ್ಸಲ್ ಅವರ ಮನೆಯಲ್ಲೇ. ಅಡಿಕೆ ಅಂಗಳದಿಂದ ಎದ್ದ ಮೇಲೆ ಜಗಲಿ ಖಾಲಿಯಾಗುತ್ತದಂತೆ, ಮಣೆ ಹಾಕಿ ನಾಲ್ಕು ಜನ ಆರಾಮಾಗಿ ಕೂರಬಹುದಂತೆ. "ಮಗಳು ಅಂಗಳದಲ್ಲಿ ಕುಣಿದ್ರೆ ಹಾಡೋರಿಗೆ ಮುಖ ಕಾಣುತ್ತಲ್ವಾ ಮೇಡಂ?" ಅಂದರು. ಕಾಣುತ್ತದೆ ಅಂದೆ. ಮೃದಂಗದವರಿಗೆ ಜತಿಗಳನ್ನು ನಿನ್ನೆ ಕಳಿಸಿಯಾಯಿತು.